ಹಳೆಯ ಪ್ಯಾಸೆಂಜರ್ ರೈಲಿನ ನೆನಪುಗಳನ್ನು ಉಳಿಸುವ ಬಗೆ: ಕಾಸರಗೋಡಿನ ಕರಾವಳಿಗೊಂದು ಕೈಪಿಡಿ

ನಮ್ಮ ದೇಶದ ರೈಲು ಮ್ಯೂಸಿಯಂಗಳು ಜತನದಿಂದ ಕಾಪಾಡಿರುವುದು ಹೆಚ್ಚಾಗಿ ಉಗಿ ಎಂಜಿನ್‌ಗಳನ್ನು, ಅರಮನೆಯವರೂ ದೊಡ್ಡ ಅಧಿಕಾರಿಗಳೂ ಪ್ರಯಾಣಿಸುತ್ತಿದ್ದ ಸಲೂನ್‌ಗಳನ್ನು. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರಗಳಿಂದ ಬೆಳಿಗ್ಗೆ ಮಂಗಳೂರಿಗೆ ಹೋಗಿ ಸಂಜೆ ಮರಳುತ್ತಿದ್ದ ಗುಮಾಸ್ತರು, ಕಾಲೇಜು ವಿದ್ಯಾರ್ಥಿಗಳು, ಮಾಷ್ಟ್ರುಗಳು, ಮೀನಿನ ಬುಟ್ಟಿ ಇಳಿಸಿಕೊಂಡು ಬಾಗಿಲ ಬಳಿಯಲ್ಲೇ ಕುಳಿತುಬಿಡುತ್ತಿದ್ದ ಹೆಂಗಸರು, ಇವರೆಲ್ಲ ಕುಳಿತ ಮರದ ಪಟ್ಟಿಯ ಬೆಂಚಿಗೆ ಆ ಭಾಗ್ಯ ಬಂದದ್ದು ತೀರ ಕಡಿಮೆ. ಇದಕ್ಕೆ ಉಪೇಕ್ಷೆಯೊಂದೇ ಕಾರಣವಲ್ಲ. ಚೆನ್ನೈಯ ಪೆರಂಬೂರಿನ ಬೋಗಿ ಕಾರ್ಖಾನೆಯಿಂದ ಹೊರಬಂದ ಉಕ್ಕಿನ ಬೋಗಿಗೆ ರೈಲ್ವೆಯು ನಿಗದಿಪಡಿಸಿದ್ದ ಆಯುಷ್ಯ 25 ವರ್ಷ. ಆ ಬಳಿಕ ಅದನ್ನು ಸೇವೆಯಿಂದ ತೆಗೆದು ಲೋಹದ ಬೆಲೆಗೆ ಹರಾಜು ಹಾಕುವುದು ವಾಡಿಕೆ. ದಿನಬಳಕೆಯ ವಸ್ತುವು ದಿನಬಳಕೆಯಲ್ಲೇ ಸವೆದುಹೋಗುತ್ತದೆ.

ಆದ್ದರಿಂದ ನಮ್ಮಂಥ ಸಾಮಾನ್ಯ ಜನ ಒಂದು ಇಡೀ ಬೋಗಿಯನ್ನು ತಂದು ನಿಲ್ಲಿಸುವ ಕನಸು ಕಾಣುವುದಕ್ಕಿಂತ, ನಮ್ಮ ಕೈಗೆ ಎಟಕುವ ಮೂರು ಸಂಗತಿಗಳನ್ನು ಹಿಡಿದಿಡುವುದು ಒಳ್ಳೆಯದೆಂದು ನಾನು ನಂಬಿದ್ದೇನೆ: ಪ್ರಯಾಣಿಕರ ಬಾಯಿಮಾತು, ಅವರ ಪೆಟ್ಟಿಗೆಯಲ್ಲಿ ಉಳಿದ ಕಾಗದಪತ್ರ, ಮತ್ತು ಆ ದಾರಿಯ ಇಂದಿನ ದಾಖಲೆ. ಈ ಮೂರರಲ್ಲಿ ಮೊದಲನೆಯದಕ್ಕೆ ಸಮಯ ಕಡಿಮೆ. ಕಲ್ಲಿದ್ದಲ ಎಂಜಿನ್ ಎಳೆಯುತ್ತಿದ್ದ ಕಾಲದಲ್ಲಿ ಕಾಲೇಜಿಗೆ ಹೋದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ.

ಮೊದಲು ಒಂದು ಕಾಲಸೂಚಿ

ನೆನಪು ಕೇಳಲು ಹೊರಡುವ ಮುನ್ನ ಒಂದು ಹಾಳೆಯಲ್ಲಿ ಖಚಿತವಾದ ಇಸವಿಗಳನ್ನು ಬರೆದಿಟ್ಟುಕೊಳ್ಳಬೇಕು. ಮಲಬಾರಿನ ಕರಾವಳಿಗೆ ರೈಲು ಬಂದದ್ದು 1861ರಲ್ಲಿ, ಕೋಝಿಕ್ಕೋಡಿಗೆ ಮುಟ್ಟಿದ್ದು 1888ರಲ್ಲಿ. ಅಲ್ಲಿಂದ ಉತ್ತರಕ್ಕೆ ಸಾಗಿ ಮಂಗಳೂರನ್ನು ತಲಪಿದ್ದು 1907ರಲ್ಲಿ. ಹಳಿ ಹಾಕಿಸಿದ್ದು ಮದ್ರಾಸ್ ರೈಲ್ವೆಯಾದರೂ 1908ರಿಂದ ಈ ದಾರಿಯನ್ನು ನಡೆಸಿದ್ದು ಸೌತ್ ಇಂಡಿಯನ್ ರೈಲ್ವೆ. 1951ರ ಏಪ್ರಿಲ್ 14ರಂದು ಅದು ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯೊಂದಿಗೂ ಮೈಸೂರು ಸ್ಟೇಟ್ ರೈಲ್ವೆಯೊಂದಿಗೂ ಕೂಡಿ ದಕ್ಷಿಣ ರೈಲ್ವೆಯಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯೇ ಪೈಸೆ ಬಂತು. 1964ರ ಜೂನ್‌ನಲ್ಲಿ ‘ನಯೇ’ ಕಳಚಿ ಬರಿಯ ಪೈಸೆ ಉಳಿಯಿತು. 1974ರಲ್ಲಿ ಮೂರನೆಯ ದರ್ಜೆ ರದ್ದಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ದೇಶದಾದ್ಯಂತ ರೈಲ್ವೆ ನೌಕರರ ಮುಷ್ಕರ ನಡೆಯಿತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು.

ಈ ಹಾಳೆಯ ಉಪಯೋಗ ಮಾತಿನ ನಡುವೆ ತಿಳಿಯುತ್ತದೆ. ವಯಸ್ಸಾದವರಿಗೆ ‘ಯಾವ ಇಸವಿ?’ ಎಂದು ನೇರವಾಗಿ ಕೇಳಿದರೆ ಅವರು ತಡಕಾಡುತ್ತಾರೆ, ಇಲ್ಲವೇ ನಮ್ಮನ್ನು ನಿರಾಶೆಗೊಳಿಸಬಾರದೆಂದು ಒಂದು ಇಸವಿಯನ್ನು ಹೇಳಿಬಿಡುತ್ತಾರೆ. ಅದರ ಬದಲು, ‘ಅಜ್ಜಾ, ಆಗ ಟಿಕೇಟಿಗೆ ಆಣೆ ಕೊಡುತ್ತಿದ್ದಿರೋ ಪೈಸೆಯೋ?’ ‘ನೀವು ಕುಳಿತದ್ದು ಮೂರನೆಯ ಕ್ಲಾಸಿನಲ್ಲೋ ಎರಡನೆಯದರಲ್ಲೋ?’ ‘ಅದು ಕೇರಳ ಆಗುವುದಕ್ಕೆ ಮೊದಲೋ, ಆದ ಮೇಲೋ?’ ಎಂದು ಕೇಳಬೇಕು. ಗಡಿಯ ನಮ್ಮ ಊರುಗಳಲ್ಲಿ 1956ರ ಹಿಂದುಮುಂದು ಎಂಬುದು ಹಿರಿಯರೊಬ್ಬರೂ ಮರೆಯದ ಗೆರೆ. ತೀರ ಈಚಿನ ನೆನಪಾದರೆ, 2001ರ ಜೂನ್ 22ರಂದು ಮಂಗಳೂರು–ಚೆನ್ನೈ ಮೇಲ್ ರೈಲು ಕಡಲುಂಡಿ ಸೇತುವೆಯಲ್ಲಿ ದುರಂತಕ್ಕೀಡಾದುದನ್ನು ಅನೇಕರು ಗುರುತಾಗಿ ಹಿಡಿಯುತ್ತಾರೆ.

ಕಾಲಸೂಚಿಯಿಂದ ಇನ್ನೊಂದು ಪ್ರಯೋಜನವಿದೆ. ಕೆಲವರು ಮಂಗಳೂರಿನಿಂದ ‘ಸಣ್ಣ ಹಳಿಯ ರೈಲಿನಲ್ಲಿ’ ಹೋದುದನ್ನು ವರ್ಣಿಸುತ್ತಾರೆ. ಕಾಸರಗೋಡಿನ ದಾರಿ ಆರಂಭದಿಂದಲೂ 1676 ಮಿಲಿಮೀಟರಿನ ಬ್ರಾಡ್ ಗೇಜ್. ಅದಕ್ಕಿಂತ ಕಿರಿದಾದ ಮೀಟರ್ ಗೇಜ್ ಇದ್ದದ್ದು 1979ರಲ್ಲಿ ತೆರೆದ ಮಂಗಳೂರು–ಹಾಸನ ದಾರಿಯಲ್ಲಿ. ಎರಡು ಪ್ರಯಾಣಗಳು ನೆನಪಿನಲ್ಲಿ ಒಂದಾಗಿರುತ್ತವೆ. ಅಂಥಲ್ಲಿ ಹೇಳುವವರನ್ನು ತಿದ್ದಬಾರದು. ಹೇಳಿದ್ದನ್ನು ಹಾಗೆಯೇ ದಾಖಲಿಸಿ, ನಮ್ಮ ಟಿಪ್ಪಣಿಯನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಬೋಗಿಯ ಬಣ್ಣದ ವಿಚಾರದಲ್ಲೂ ಇದೇ ಎಚ್ಚರ ಬೇಕು. ಸಾಮಾನ್ಯ ಬೋಗಿಗಳು ಬಹುಕಾಲ ಕೆಂಗಂದು ಬಣ್ಣದಲ್ಲಿದ್ದು, ನೀಲಿ ವ್ಯಾಪಕವಾಗಿ ಬಂದದ್ದು 1990ರ ದಶಕದಲ್ಲಿ.

ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ಸೀಸನ್ ಟಿಕೇಟಿನವರು ಮೊದಲು. ವರ್ಷಾನುಗಟ್ಟಲೆ ಒಂದೇ ರೈಲಿನಲ್ಲಿ, ಬಹುಮಟ್ಟಿಗೆ ಒಂದೇ ಬೋಗಿಯಲ್ಲಿ, ಒಂದೇ ಗುಂಪಿನೊಂದಿಗೆ ಹೋಗಿಬಂದವರಿಗೆ ಇರುವ ವಿವರ ಒಮ್ಮೊಮ್ಮೆ ಪ್ರಯಾಣ ಮಾಡಿದವರಿಗೆ ಇರುವುದಿಲ್ಲ. ನಿವೃತ್ತ ರೈಲ್ವೆ ನೌಕರರಲ್ಲಿ ಸ್ಟೇಷನ್ ಮಾಸ್ಟರರನ್ನು ಎಲ್ಲರೂ ಹುಡುಕಿಕೊಂಡು ಹೋಗುತ್ತಾರೆ. ಗೇಟ್ ಕಾಯುತ್ತಿದ್ದವರು, ಪಾಯಿಂಟ್ಸ್‌ಮನ್, ಮಳೆಗಾಲದ ರಾತ್ರಿ ಲಾಂದ್ರ ಹಿಡಿದು ಹಳಿಯ ಮೇಲೆ ನಡೆದ ಗ್ಯಾಂಗ್‌ಮನ್‌ಗಳನ್ನು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಅವರ ಮಾತೇ ಹೆಚ್ಚು ಬೆಲೆಯುಳ್ಳದ್ದು. ಹೆಂಗಸರ ನೆನಪನ್ನು ಬೇರೆಯಾಗಿ, ಮನೆಯ ಗಂಡಸರ ಎದುರಲ್ಲದೆ ಕೇಳಬೇಕು. ಮಗಳನ್ನು ಕಾಲೇಜಿಗೆ ರೈಲಿನಲ್ಲಿ ಒಬ್ಬಳನ್ನೇ ಕಳುಹಿಸಬೇಕೇ ಬೇಡವೇ ಎಂಬುದು ಒಂದು ಕಾಲದಲ್ಲಿ ಮನೆಮನೆಯ ಚರ್ಚೆಯಾಗಿತ್ತು, ಅದರ ಒಳಗನ್ನು ಹೇಳಬಲ್ಲವರು ಅವರೇ.

ಪ್ರಶ್ನೆಗಳು ದೊಡ್ಡದಾದಷ್ಟೂ ಉತ್ತರ ಸಪ್ಪೆಯಾಗುತ್ತದೆ. ‘ಆಗಿನ ರೈಲು ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂದು ಉತ್ತರ ಬರುತ್ತದೆ. ಕೈ, ಕಾಲು, ಕಣ್ಣು, ಕಿವಿಗಳಿಗೆ ಸಂಬಂಧಿಸಿದ ಸಣ್ಣ ಪ್ರಶ್ನೆ ಕೇಳಬೇಕು. ‘ಮಾಷ್ಟ್ರೇ, ನೀವು ಹತ್ತುವಾಗ ಬೋಗಿಯ ಬಾಗಿಲು ಒಳಕ್ಕೆ ತೆರೆಯುತ್ತಿತ್ತೋ ಹೊರಕ್ಕೋ?’ ‘ಮಳೆ ಬಂದರೆ ಕಿಟಕಿಗೆ ಏನು ಎಳೆಯುತ್ತಿದ್ದಿರಿ?’ ‘ಕಣ್ಣಿಗೆ ಇದ್ದಲ ಹುಡಿ ಬಿದ್ದರೆ ಏನು ಮಾಡುತ್ತಿದ್ದಿರಿ?’ ‘ಬಿಳಿ ಅಂಗಿಯ ಗತಿಯೇನು?’ ‘ಬುತ್ತಿ ಎಲ್ಲಿಡುತ್ತಿದ್ದಿರಿ?’ ಇಂಥ ಪ್ರಶ್ನೆಗೆ ಉತ್ತರ ಹೇಳುತ್ತಾ ಹೋದಂತೆ ಕೇಳದ ಸಂಗತಿಗಳು ತಾವಾಗಿ ಹೊರಬರುತ್ತವೆ.

ಶಬ್ದವನ್ನು ಕೇಳಲು ಮರೆಯಬಾರದು. ಹಿಂದೆ 13 ಮೀಟರ್ ಉದ್ದದ ಹಳಿಗಳನ್ನು ಉಕ್ಕಿನ ಪಟ್ಟಿಯಾದ ಫಿಶ್‌ಪ್ಲೇಟ್ ಕಟ್ಟಿ ಜೋಡಿಸುತ್ತಿದ್ದರು. ಬಿಸಿಲಿಗೆ ಉಕ್ಕು ಹಿಗ್ಗಲು ನಡುವೆ ಸಣ್ಣ ಎಡೆ ಬಿಡುತ್ತಿದ್ದರು. ಗಾಲಿ ಆ ಎಡೆಯನ್ನು ದಾಟುವಾಗ ಏಳುತ್ತಿದ್ದ ಸದ್ದೇ ರೈಲಿನ ತಾಳ. ಈಗ ಹಳಿಗಳನ್ನು ಬೆಸೆದು ಬಹುದೂರದವರೆಗೆ ಒಂದೇ ಮಾಡಿರುವುದರಿಂದ ಆ ತಾಳ ಹೆಚ್ಚಿನ ಕಡೆ ಕೇಳಿಸುವುದಿಲ್ಲ. ಚಂದ್ರಗಿರಿ, ಮೊಗ್ರಾಲ್, ಶಿರಿಯ, ನೇತ್ರಾವತಿ ಸೇತುವೆಗಳ ಮೇಲೆ ಸದ್ದು ಬದಲಾಗುತ್ತಿದ್ದುದರಿಂದ, ಕಿಟಕಿ ಮುಚ್ಚಿದ್ದರೂ ಎಲ್ಲಿಗೆ ತಲಪಿದೆವೆಂದು ನಿತ್ಯದ ಪ್ರಯಾಣಿಕರಿಗೆ ತಿಳಿಯುತ್ತಿತ್ತು. ಕಳನಾಡಿನ ಸುರಂಗದೊಳಗೆ ಹೊಗೆ ತುಂಬಿದಾಗ ಏನಾಗುತ್ತಿತ್ತೆಂದು ತೆಂಕಲಿಗೆ ಹೋದವರನ್ನು ಕೇಳಿ. ಬಾಯಿಯಲ್ಲೇ ಆ ಸದ್ದನ್ನು ಮಾಡಿ ತೋರಿಸುವಂತೆ ವಿನಂತಿಸಿ. ಯಕ್ಷಗಾನದ ಚೆಂಡೆ ಕೇಳಿ ಬೆಳೆದ ಕುಂಬಳೆ ಸೀಮೆಯ ಹಿರಿಯರು ಆ ತಾಳವನ್ನು ಸಲೀಸಾಗಿ ನುಡಿಯುತ್ತಾರೆ, ಮತ್ತು ಅಂಥ ಧ್ವನಿಮುದ್ರಣ ಯಾವ ಮ್ಯೂಸಿಯಂನಲ್ಲೂ ಸಿಗುವುದಿಲ್ಲ.

‘ಕ್ರಾಸಿಂಗ್‌ಗೆ ಕಾಯುವುದು’ ಎಂಬುದು ಕೇಳಲೇಬೇಕಾದ ಇನ್ನೊಂದು ವಿಷಯ. ಆಗ ಇದ್ದದ್ದು ಒಂಟಿ ಹಳಿ. ಎರಡು ಸ್ಟೇಷನ್‌ಗಳ ನಡುವೆ ಒಂದು ಹೊತ್ತಿಗೆ ಒಂದೇ ರೈಲು ಇರಬೇಕೆಂಬುದಕ್ಕೆ ಟೋಕನ್ ವ್ಯವಸ್ಥೆ ಇತ್ತು: ಸ್ಟೇಷನ್ನಿನ ಯಂತ್ರದಿಂದ ಹೊರಬಂದ ಲೋಹದ ಚೆಂಡು ಚಾಲಕನ ಕೈಯಲ್ಲಿ ಇಲ್ಲದೆ ರೈಲು ಮುಂದಕ್ಕೆ ಹೋಗುವಂತಿರಲಿಲ್ಲ. ಆ ಚೆಂಡಿನ ಚೀಲಕ್ಕೆ ದೊಡ್ಡ ಬಳೆ ಇರುತ್ತಿತ್ತು. ನಿಲ್ಲದೆ ಸಾಗುವ ರೈಲಿನ ಸಿಬ್ಬಂದಿ ಅದನ್ನು ತೋಳಿನಲ್ಲಿ ಹಿಡಿಯುತ್ತಿದ್ದರು. ಎದುರಿನಿಂದ ಎಕ್ಸ್‌ಪ್ರೆಸ್ ಬರುವುದಿದ್ದರೆ ಪ್ಯಾಸೆಂಜರ್ ರೈಲು ಬದಿಗೆ ಸರಿದು ಕಾಯಲೇಬೇಕು. ಇಸ್ಪೀಟು, ವಾದವಿವಾದ, ಪರೀಕ್ಷೆಯ ಓದು, ಮದುವೆಯ ಮಾತುಕತೆ ಎಲ್ಲವೂ ನಡೆದದ್ದು ಇಂಥ ಬಿಡುವಿನಲ್ಲಿ. ಯಾವ ಸ್ಟೇಷನ್ನಿನಲ್ಲಿ ಹೆಚ್ಚು ಕಾಯುತ್ತಿದ್ದರು, ಅಲ್ಲಿ ಇಳಿದು ಏನು ಮಾಡುತ್ತಿದ್ದರು ಎಂದು ಬಿಡಿಸಿ ಕೇಳಬೇಕು.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಬೋಗಿಗಳಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲವೂ ಒಟ್ಟಿಗೆ ಕೇಳಿಸುತ್ತಿದ್ದವು. ಹೇಳುವವರು ಯಾವ ಭಾಷೆಯಲ್ಲಿ ಸಲೀಸೋ ಅದರಲ್ಲೇ ಹೇಳಲಿ. ಹವ್ಯಕ ಕನ್ನಡವನ್ನು ಗ್ರಂಥಸ್ಥ ಕನ್ನಡವಾಗಿ ತಿದ್ದುವ ಕೆಲಸವನ್ನು ಬರೆಹಕ್ಕೆ ಇಳಿಸುವಾಗಲೂ ಮಾಡಬಾರದು. ಸ್ಟೇಷನ್ನಿನ ಹೆಸರಿನ ಹಲಗೆಯಲ್ಲಿ ಯಾವ ಕಾಲದಲ್ಲಿ ಯಾವ ಯಾವ ಲಿಪಿಗಳಿದ್ದವು ಎಂಬುದನ್ನೂ ಕೇಳಿ, ಹಳೆಯ ಫೋಟೋಗಳ ಹಿನ್ನೆಲೆಯಲ್ಲಿ ಆ ಹಲಗೆ ಕಾಣಿಸುತ್ತದೆಯೇ ನೋಡಿ. ಗಡಿನಾಡಿನ ಕನ್ನಡಿಗರಿಗೆ ಅದು ಸಣ್ಣ ವಿಷಯವಲ್ಲ.

ಧ್ವನಿಮುದ್ರಣಕ್ಕೆ ಸಾಮಾನ್ಯ ಮೊಬೈಲ್ ಸಾಕು, ಆದರೆ ಅದನ್ನು ಹೇಳುವವರ ಹತ್ತಿರ, ಮಡಚಿದ ಬಟ್ಟೆಯ ಮೇಲೆ ಇಡಬೇಕು. ಫ್ಯಾನ್ ನಿಲ್ಲಿಸಬೇಕು. ಆಟಿ ತಿಂಗಳ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಮುದ್ರಿಸಿದರೆ ಮಾತಿಗಿಂತ ಮಳೆಯೇ ಹೆಚ್ಚು ಕೇಳಿಸುತ್ತದೆ. ಸಾಧ್ಯವಿದ್ದರೆ ವೇವ್ ಕಡತವಾಗಿ ಉಳಿಸಿಕೊಳ್ಳಿ. ಎಂಪಿ3 ಕಡತವು ಧ್ವನಿಯ ಕೆಲವು ಅಂಶಗಳನ್ನು ಶಾಶ್ವತವಾಗಿ ಬಿಟ್ಟುಬಿಡುತ್ತದೆ. ಆರಂಭದಲ್ಲೇ ಹೆಸರು, ಊರು, ದಿನಾಂಕ, ಮತ್ತು ‘ಇದನ್ನು ಇತರರು ಕೇಳಲು ನನ್ನ ಒಪ್ಪಿಗೆಯಿದೆ’ ಎಂಬ ಮಾತು ಅವರ ಧ್ವನಿಯಲ್ಲೇ ಬರಲಿ. ಒಪ್ಪದಿದ್ದರೆ ಆ ಮಾತನ್ನು ಗೌರವಿಸಿ ಮುದ್ರಣ ನಿಲ್ಲಿಸಬೇಕು.

ಟಿಕೇಟುಗಳನ್ನು ಓದುವುದು

ಮನೆಯ ಹಳೆಯ ಡೈರಿಯಲ್ಲಿ, ಪುಸ್ತಕದ ಎಡೆಯಲ್ಲಿ ಸಿಗುವ ದಪ್ಪ ರಟ್ಟಿನ ಟಿಕೇಟು ಸುಮಾರು 57 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲ ಇರುತ್ತದೆ. ಇಂಗ್ಲೆಂಡಿನ ಸ್ಟೇಷನ್ ಮಾಸ್ಟರ್ ಥಾಮಸ್ ಎಡ್ಮಂಡ್‌ಸನ್ 1830ರ ದಶಕದಲ್ಲಿ ರೂಪಿಸಿದ ಈ ಮಾದರಿ, ಕಂಪ್ಯೂಟರ್ ಟಿಕೇಟು ಬರುವ ತನಕ ನಮ್ಮಲ್ಲಿಯೂ ನಡೆಯಿತು. ಇವು ಅಪರೂಪವಾಗಿರುವುದಕ್ಕೆ ಕಾರಣವಿದೆ: ಪ್ರಯಾಣ ಮುಗಿದಾಗ ಟಿಕೇಟನ್ನು ಗೇಟಿನಲ್ಲಿ ಒಪ್ಪಿಸಬೇಕಿತ್ತು. ಹಾಗಾಗಿ ಉಳಿದಿರುವುದು ಹೆಚ್ಚಾಗಿ ಬಳಸದ ಟಿಕೇಟು, ಒಪ್ಪಿಸಲು ತಪ್ಪಿದ್ದು, ಅಥವಾ ಸೀಸನ್ ಟಿಕೇಟು.

ಟಿಕೇಟಿನ ಕಾಲವನ್ನು ಕಾಲಸೂಚಿಯ ಸಹಾಯದಿಂದ ನಿರ್ಣಯಿಸಬಹುದು. ಸೌತ್ ಇಂಡಿಯನ್ ರೈಲ್ವೆಯ ಹೆಸರಿದ್ದರೆ ಅದು 1951ರ ಸುಮಾರಿನದು ಅಥವಾ ಅದಕ್ಕೂ ಹಿಂದಿನದು. ಬೆಲೆ ಆಣೆಯಲ್ಲಿದ್ದರೆ ಹೆಚ್ಚಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ನಯೇ ಪೈಸೆಯಲ್ಲಿದ್ದರೆ 1957ರಿಂದ 1964ರ ನಡುವಿನದಾಗಿರುವ ಸಂಭವ ಹೆಚ್ಚು, ಏಕೆಂದರೆ ಮುದ್ರಿಸಿಟ್ಟ ದಾಸ್ತಾನು ಮುಗಿಯುವ ತನಕ ಹಳೆಯ ಟಿಕೇಟು ಮಾರುವುದುಂಟು. ಮೂರನೆಯ ದರ್ಜೆ ಎಂದಿದ್ದರೆ 1974ರ ಈಚೆಗೆ ಬರುವುದಿಲ್ಲ. ದಿನಾಂಕವನ್ನು ಕೌಂಟರಿನ ಯಂತ್ರದಲ್ಲಿ ಒತ್ತುತ್ತಿದ್ದರು. ಶಾಯಿ ಮಾಸಿಹೋಗಿದ್ದರೂ ರಟ್ಟಿನ ಮೇಲೆ ಒತ್ತಿನ ಗುರುತು ಉಳಿದಿರಬಹುದು. ಕೋಣೆಯ ಬೆಳಕು ಆರಿಸಿ, ಟಾರ್ಚನ್ನು ಟಿಕೇಟಿನ ಬದಿಯಿಂದ, ಬಹುತೇಕ ಅದೇ ಮಟ್ಟದಲ್ಲಿ ಹಿಡಿದರೆ ತಗ್ಗುಗಳ ನೆರಳಿನಲ್ಲಿ ಅಂಕಿ ಎದ್ದು ಕಾಣುತ್ತದೆ. ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ಆ ಬಳಿಕ ಎರಡೂ ಬದಿಗಳನ್ನು 1200 ಡಿಪಿಐಯಲ್ಲಿ (ಇಂಚಿಗೆ 1200 ಚುಕ್ಕಿಗಳಂತೆ) ಸ್ಕ್ಯಾನ್ ಮಾಡಿ. ಫೋಟೋ ಮತ್ತು ವೇಳಾಪಟ್ಟಿಗಳಿಗೆ 600 ಸಾಕು.

ಸೀಸನ್ ಟಿಕೇಟು, ವಿದ್ಯಾರ್ಥಿ ರಿಯಾಯಿತಿಯ ಪತ್ರಗಳಲ್ಲಿ ಹೆಸರು, ವಯಸ್ಸು, ವಿಳಾಸ ಇರುತ್ತವೆ. ಮೂಲವನ್ನು ಹಾಗೆಯೇ ಇಟ್ಟು, ಇತರರಿಗೆ ತೋರಿಸುವ ಪ್ರತಿಯಲ್ಲಿ ಆ ಭಾಗವನ್ನು ಮರೆಮಾಡಬೇಕು.

ನಮ್ಮ ಮಳೆಗಾಲದಲ್ಲಿ ಕಾಗದ ಉಳಿಸುವುದು

ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನೆಲದಲ್ಲಿ ಕಾಗದದ ದೊಡ್ಡ ಶತ್ರು ಬೂಷ್ಟು. ಗಾಳಿಯ ತೇವ 65 ಶೇಕಡವನ್ನು ಮೀರಿ ನಿಂತರೆ ಅದು ಬೆಳೆಯತೊಡಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮನೆಗಳೊಳಗೆ ತೇವ ಅದಕ್ಕಿಂತ ಬಹಳ ಮೇಲಿರುತ್ತದೆ. ಆದ್ದರಿಂದ ಕಾಗದಗಳನ್ನು ನೆಲಮಟ್ಟದ ಕಪಾಟಿನಲ್ಲಿ, ಹೊರಗೋಡೆಗೆ ತಾಗಿದ ಮರದ ಪೆಟ್ಟಿಗೆಯಲ್ಲಿ ಇಡಬಾರದು. ಬಿಗಿಯಾಗಿ ಮುಚ್ಚುವ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಮ್ಲರಹಿತ ಕಾಗದದಲ್ಲಿ ಸುತ್ತಿ ಇಡುವುದು ಸುರಕ್ಷಿತ. ಜೆಲ್ ಬಣ್ಣ ಬದಲಿಸಿದಾಗ ಅದನ್ನು ಹೊರತೆಗೆದು ಬಿಸಿಮಾಡಿ ಒಣಗಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಡಬ್ಬಿಗೆ ತುಂಬುವ ಕೆಲಸವನ್ನು ಫೆಬ್ರವರಿ, ಮಾರ್ಚ್‌ನ ಒಣ ದಿನಗಳಲ್ಲಿ ಮಾಡಬೇಕು. ತೇವಗೊಂಡ ಕಾಗದವನ್ನು ಮುಚ್ಚಿಟ್ಟರೆ ಒಳಗಿನ ತೇವವೇ ಅದನ್ನು ಕೆಡಿಸುತ್ತದೆ.

ಲ್ಯಾಮಿನೇಷನ್ ಬೇಡವೇ ಬೇಡ. ನಮ್ಮ ಊರುಗಳಲ್ಲಿ ಪ್ರೀತಿಯಿಂದಲೇ ಎಷ್ಟೋ ಹಳೆಯ ಪತ್ರಗಳನ್ನು ಹೀಗೆ ಹಾಳುಮಾಡಲಾಗಿದೆ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೆ ಇಳಿದರೆ ಬಿಡಿಸಲಾಗುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬಾರದು. ಕೆಲವೇ ವರ್ಷಗಳಲ್ಲಿ ಅದರ ಗೋಂದು ಹಳದಿಯಾಗಿ ಕಲೆ ಬಿಡುತ್ತದೆ. ಅಗ್ಗದ ಪಿವಿಸಿ ಆಲ್ಬಂಗಳೂ ಕೂಡದು, ಪಾಲಿಯೆಸ್ಟರ್ ಕವರ್ ಆದೀತು. ಗುರುತು ಬರೆಯಬೇಕಾದರೆ ಮೆತ್ತನೆಯ ಪೆನ್ಸಿಲ್ಲಿನಿಂದ, ಕವರಿನ ಮೇಲೆ ಅಥವಾ ಫೋಟೋದ ಹಿಂಬದಿಯ ಅಂಚಿನಲ್ಲಿ. ಬೂಷ್ಟು ಹಿಡಿದ ಹಾಳೆಯನ್ನು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಹೊರಗೆ ನೆರಳಿನಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ನವಿರಾಗಿ ಗುಡಿಸಬೇಕು. ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತದೆ.

ಲಾಂದ್ರ, ಗಂಟೆ, ಹೆಸರಿನ ಹಲಗೆಯಂಥ ವಸ್ತುಗಳ ವಿಚಾರದಲ್ಲಿ ಕಾನೂನನ್ನು ಮೊದಲು ನೋಡಬೇಕು. ರೈಲ್ವೆಯ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯಿದೆಯಂತೆ ಅಪರಾಧ. ಪಾಳುಬಿದ್ದ ಕಟ್ಟಡದಿಂದ ಎತ್ತಿಕೊಂಡು ಬರುವುದನ್ನು ಸಂರಕ್ಷಣೆ ಎಂದು ಕರೆಯಲಾಗದು. ಹರಾಜಿನ ರಸೀದಿ ಇದ್ದರೆ ಅದನ್ನು ವಸ್ತುವಿನೊಂದಿಗೇ ಇಡಿ. ಹಿತ್ತಾಳೆಯನ್ನು ಹುಣಸೆಹುಳಿ ಹಾಕಿ ತಿಕ್ಕಬೇಡಿ. ಕೆತ್ತಿದ ಅಕ್ಷರ, ಕೈ ತಾಗಿ ಸವೆದ ಗುರುತು, ಹಳೆಯ ಬಣ್ಣದ ಪದರ ಇವುಗಳಲ್ಲೇ ಅದರ ಚರಿತ್ರೆಯಿದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಮತ್ತೊಮ್ಮೆ ಆ ದಾರಿಯಲ್ಲಿ

ಹೇಳುವವರ ಆರೋಗ್ಯ ಒಪ್ಪಿದರೆ, ಅವರನ್ನು ಕರೆದುಕೊಂಡು ಜನಸಂದಣಿಯಿಲ್ಲದ ಹೊತ್ತಿನಲ್ಲಿ ನಿಧಾನವಾಗಿ ಹೋಗುವ ರೈಲಿನಲ್ಲಿ ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್ ತನಕದ ಸುಮಾರು 46 ಕಿಲೋಮೀಟರ್ ಪ್ರಯಾಣ ಮಾಡಿ. ಮನೆಯಲ್ಲಿ ಕುಳಿತಾಗ ಬಾರದ ಮಾತು ಶಿರಿಯ ಹೊಳೆ ದಾಟುವಾಗ ಬರುತ್ತದೆ. ಬೋಗಿಯ ಗದ್ದಲದಲ್ಲಿ ಧ್ವನಿಮುದ್ರಣ ಸರಿಯಾಗುವುದಿಲ್ಲವಾದ್ದರಿಂದ, ಯಾವ ಜಾಗ ದಾಟುವಾಗ ಏನು ಹೇಳಿದರೆಂದು ಪುಸ್ತಕದಲ್ಲಿ ಬರೆದುಕೊಂಡು, ಮನೆಗೆ ಮರಳಿ ವಿಶ್ರಾಂತಿಯ ಬಳಿಕ ಅದನ್ನೇ ಮತ್ತೆ ಕೇಳಿ ಮುದ್ರಿಸಿಕೊಳ್ಳಬೇಕು. ಸೇತುವೆಯ ಮೇಲೆ, ಹಳಿಯ ಬದಿಯಲ್ಲಿ ನಡೆದು ಫೋಟೋ ತೆಗೆಯಲು ಹೋಗಬಾರದು; 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಅದು ಅತಿಕ್ರಮ, ಜೀವಕ್ಕೂ ಅಪಾಯ. ಸ್ಟೇಷನ್ನಿನ ಹಳೆಯ ಕಟ್ಟಡ, ಹೆಂಚಿನ ಮಾಡು, ಮರದ ಕಿಟಕಿಗಳ ಚಿತ್ರಗಳನ್ನು ಸ್ಟೇಷನ್ ಮಾಸ್ಟರರ ಅನುಮತಿ ಪಡೆದು ತೆಗೆಯಿರಿ, ಏಕೆಂದರೆ ನವೀಕರಣದ ಕೆಲಸ ಶುರುವಾದರೆ ಅವು ಮೊದಲು ಹೋಗುತ್ತವೆ.

ಉಳಿಸುವ ಕೆಲಸ ಬೇರೆಡೆ ಹೇಗೆ ನಡೆದಿದೆ ಎಂದು ನೋಡಿಬರುವುದೂ ಕಲಿಕೆಯೇ. 1979ರಲ್ಲಿ ತೆರೆದ ಮೈಸೂರಿನ ರೈಲ್ವೆ ಮ್ಯೂಸಿಯಂ, ಚೆನ್ನೈಯ ಪೆರಂಬೂರಿನದು, 2020ರಲ್ಲಿ ಆರಂಭವಾದ ಹುಬ್ಬಳ್ಳಿಯದು ನಮಗೆ ಹತ್ತಿರದವು. ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ ಹತ್ತುವ 46 ಕಿಲೋಮೀಟರಿನ ನೀಲಗಿರಿ ರೈಲಿಗೆ 2005ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಮನ್ನಣೆ ದೊರೆಯಿತು. ಓಡುವ ಸ್ಥಿತಿಯಲ್ಲೇ ರೈಲನ್ನು ಉಳಿಸಿದ ದೊಡ್ಡ ಉದಾಹರಣೆ ಅದು. ಹಿರಿಯರನ್ನು ಮ್ಯೂಸಿಯಂಗೆ ಕರೆದೊಯ್ದರೆ ಅವರನ್ನು ಎಂಜಿನ್ನಿನ ಮುಂದೆ ನಿಲ್ಲಿಸಿ ಫೋಟೋ ತೆಗೆದು ಮುಗಿಸಬೇಡಿ. ಬಾಗಿಲ ಹಿಡಿಕೆ, ಕಿಟಕಿಯ ಕೊಂಡಿ, ಬೆಂಚಿನ ಎತ್ತರವನ್ನು ತೋರಿಸಿ, ‘ನಮ್ಮ ಗಾಡಿಯಲ್ಲಿ ಇದು ಹೀಗೆಯೇ ಇತ್ತೇ?’ ಎಂದು ಕೇಳಿ.

ಎಲ್ಲಿ ಇಡಬೇಕು

ಪ್ರತಿಯೊಂದು ಧ್ವನಿಮುದ್ರಣಕ್ಕೂ ಸ್ಕ್ಯಾನಿಗೂ ಮೂರು ಪ್ರತಿ ಇರಬೇಕು: ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್‌ಗಳಲ್ಲಿ, ಮೂರನೆಯದು ಬೇರೊಂದು ಊರಿನ ಮನೆಯಲ್ಲಿ. ಕಡತದ ಹೆಸರಿನಲ್ಲೇ ಇಸವಿ, ತಿಂಗಳು, ಊರು, ವಿಷಯ ಇರಲಿ. ಹೇಳಿದವರ ಕುಟುಂಬಕ್ಕೆ ಒಂದು ಪ್ರತಿ ಕೊಡುವುದು ನಮ್ಮ ಕರ್ತವ್ಯ. ಅದನ್ನು ಪಡೆದ ಮನೆಯವರು ಇನ್ನೊಂದು ಪೆಟ್ಟಿಗೆಯನ್ನು ತೆರೆಯುವುದೂ ಉಂಟು. ಮೂಲ ಕಾಗದಗಳನ್ನು ಊರಿನ ಗ್ರಂಥಾಲಯಕ್ಕೋ, ಕನ್ನಡ ವಿಭಾಗವಿರುವ ಕಾಲೇಜಿಗೋ ಕೊಡುವುದಿದ್ದರೆ ಪಟ್ಟಿ ಮಾಡಿ, ಎರಡೂ ಕಡೆಯವರು ಸಹಿ ಹಾಕಿದ ಪತ್ರದ ಮೂಲಕ ಕೊಡಬೇಕು. ಯಾರು ನೋಡಬಹುದು, ಯಾರಿಗೆ ನಕಲು ಕೊಡಬಹುದು, ಸಂಸ್ಥೆ ಮುಚ್ಚಿದರೆ ಯಾರಿಗೆ ಮರಳಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಮನೆಯಲ್ಲೇ ಇಟ್ಟುಕೊಳ್ಳುವವರು ಪ್ರತಿವರ್ಷ ಮಳೆ ಮುಗಿದು ದೀಪಾವಳಿಗೆ ಮನೆ ಗುಡಿಸುವ ಹೊತ್ತಿಗೆ ಡಬ್ಬಿಗಳನ್ನು ತೆರೆದು ಜೆಲ್ ಬದಲಿಸಿ, ಹಾರ್ಡ್‌ಡಿಸ್ಕ್‌ಗಳನ್ನು ಓಡಿಸಿ ನೋಡಿ, ಪರೀಕ್ಷಿಸಿದ ದಿನಾಂಕವನ್ನು ಮುಚ್ಚಳದ ಒಳಬದಿಯಲ್ಲಿ ಬರೆದಿಡಬೇಕು.